ಆಪರೇಷನ್‌ಗೆ ಮುಂಚಿನ ಪಾಠ: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು

ಅಮೆರಿಕದಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿದವರು ಸರ್ಜನ್ನರನ್ನು ಕಂಡ ಮೊದಲ ದಿನವೇ ಕೈಯಲ್ಲೊಂದು ಪಟ್ಟಿ ಹಿಡಿದು ಮನೆಗೆ ಬರುತ್ತಾರೆ. ರಕ್ತಪರೀಕ್ಷೆ, ಎಂಡೊಸ್ಕೋಪಿ, ನಿದ್ರೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂಬ ತಪಾಸಣೆ, ಮನಶ್ಶಾಸ್ತ್ರಜ್ಞರ ಭೇಟಿ. ಇವೆಲ್ಲ ಕೆಲವು ವಾರಗಳಲ್ಲಿ ಮುಗಿಯುವಂಥವು. ಪಟ್ಟಿಯ ಕೊನೆಯದು ಮಾತ್ರ ಹಾಗಲ್ಲ. ಹಲವರು ಮೂರು ತಿಂಗಳೋ ಆರು ತಿಂಗಳೋ, ಒಂದು ತಿಂಗಳೂ ತಪ್ಪದ ಹಾಗೆ, ಡಯಟೀಷಿಯನ್ ನಡೆಸುವ ಪೂರ್ವಸಿದ್ಧತಾ ತರಗತಿಗೆ ಹೋಗಬೇಕು. ಅಲ್ಲಿ ಹಾಜರಿ ಹಾಕುತ್ತಾರೆ, ಪ್ರತಿ ಸಲ ತೂಕ ನೋಡಿ ಬರೆದುಕೊಳ್ಳುತ್ತಾರೆ. ಆ ಕಾಗದಗಳು ಪೂರ್ತಿಯಾಗಿ ತಲುಪುವವರೆಗೆ ವಿಮಾ ಕಂಪನಿ ಒಪ್ಪಿಗೆ ಕೊಡುವುದಿಲ್ಲ. ಇದನ್ನು ತಪ್ಪಿಸಿಕೊಂಡು ನೇರವಾಗಿ ಆಪರೇಷನ್ ಮಾಡಿಸಿಕೊಳ್ಳಲು ದಾರಿ ಇದೆಯೇ ಎಂದು ಜನ ಕೇಳುವುದು ಆಗ.

ಅದನ್ನು ಸೋಮಾರಿಗಳ ಪ್ರಶ್ನೆ ಎಂದು ತಳ್ಳಿಹಾಕುವವರು ಇದ್ದಾರೆ. ‘ನಾಲ್ಕು ಕ್ಲಾಸಿಗೆ ಬರಲಾಗದವನು ಜೀವನಪೂರ್ತಿ ಪಥ್ಯ ಮಾಡುತ್ತಾನೆಯೇ?’ ಎಂದು ಅವರ ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಕೇಳುತ್ತಿರುವವರು ಯಾರು ಎಂದು ನೋಡಿ. ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಬಗೆಬಗೆಯ ಪಥ್ಯ ಮಾಡಿ, ಇಳಿಸಿ, ಇಳಿಸಿದ್ದಕ್ಕಿಂತ ಹೆಚ್ಚು ಏರಿಸಿಕೊಂಡವರು. ಕ್ಯಾಲರಿಯ ಲೆಕ್ಕ ಅವರಿಗೆ ಡಯಟೀಷಿಯನ್‌ಗಿಂತ ಚೆನ್ನಾಗಿ ಬಾಯಿಪಾಠವಾಗಿರುತ್ತದೆ. ಗಂಟೆಗೆ ಇಷ್ಟು ಎಂದು ಕೂಲಿ ಪಡೆಯುವವರಿಗೆ ಪ್ರತಿ ತರಗತಿ ಎಂದರೆ ಅರ್ಧ ದಿನದ ಸಂಬಳ ಕಡಿತ. ಇನ್ನೊಂದು, ಹೊರಗಿನವರಿಗೆ ಕಾಣದ ಲೆಕ್ಕ ಡಿಸೆಂಬರ್‌ನದು. ಅಲ್ಲಿನ ಬಹಳಷ್ಟು ವಿಮೆಗಳಲ್ಲಿ ವರ್ಷಕ್ಕೆ ಒಂದು ಮೊತ್ತದವರೆಗೆ ರೋಗಿಯೇ ಕೈಯಿಂದ ಹಾಕಬೇಕು, ಅದು ತುಂಬಿದ ಮೇಲೆ ಕಂಪನಿ ಕೊಡುತ್ತದೆ, ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು. ಆಗಸ್ಟ್‌ನಲ್ಲಿ ಹೆಸರು ಬರೆಸಿದವರಿಗೆ ಆರು ತಿಂಗಳ ತರಗತಿ ಎಂದರೆ ಖರ್ಚು ಎರಡು ವರ್ಷದ ಲೆಕ್ಕಕ್ಕೆ ಬೀಳುತ್ತದೆ. ಇಷ್ಟರ ಮಧ್ಯೆ ಕೆಲಸ ಬದಲಾದರೆ ವಿಮೆಯೂ ಬದಲಾಗಿ, ಹೊಸ ಕಂಪನಿ ಹೊಸದಾಗಿ ಎಣಿಸಲು ಶುರು ಮಾಡಬಹುದು.

ಈ ತರಗತಿಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಟ್ಟಿಗೆ ಕಟ್ಟಿಟ್ಟಿದ್ದಾರೆ ಎಂಬುದು ನನಗೆ ತೋರಿದ ಮಾತು. ಒಂದು, ರೋಗಿಯನ್ನು ಕಾಯಿಸಿ ಅವನ ಅರ್ಹತೆ ಅಳೆಯುವುದು. ಇನ್ನೊಂದು, ಬದಲಾದ ಹೊಟ್ಟೆಯನ್ನು ಇಟ್ಟುಕೊಂಡು ಬದುಕುವುದನ್ನು ಕಲಿಸುವುದು. ಮೊದಲನೆಯದಕ್ಕೆ ವಿಜ್ಞಾನದ ಬೆಂಬಲ ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದನ್ನು ತಪ್ಪಿಸಿಕೊಂಡರೆ ನಷ್ಟ ಖಚಿತ. ಆದರೆ ಕಂಪನಿಯ ನಮೂನೆಯಲ್ಲಿ ಎರಡಕ್ಕೂ ಒಂದೇ ಸಾಲು.

ಕಾಯಿಸುವ ಪದ್ಧತಿ ಬಂದದ್ದು ಹೀಗೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಸೇರಿಸಿ ಈ ಶಸ್ತ್ರಚಿಕಿತ್ಸೆ ಯಾರಿಗೆ ಸರಿ ಎಂದು ತೀರ್ಮಾನಿಸಿತು. ತೂಕವನ್ನು ಎತ್ತರಕ್ಕೆ ಹೋಲಿಸುವ ಬಿಎಂಐ 40 ದಾಟಿದವರು, ಅಥವಾ 35 ದಾಟಿ ಜೊತೆಗೆ ಸಕ್ಕರೆ ಕಾಯಿಲೆಯಂಥ ಗಂಭೀರ ತೊಂದರೆ ಇರುವವರು. ಐದೂವರೆ ಅಡಿಗೆ ಸ್ವಲ್ಪ ಕಡಿಮೆ, ಅಂದರೆ 165 ಸೆಂಟಿಮೀಟರ್ ಎತ್ತರದವರಿಗೆ 40 ಎಂದರೆ ಸುಮಾರು 109 ಕಿಲೋ, 35 ಎಂದರೆ 95 ಕಿಲೋ. ಮೊದಲ ಸಲ ಚಿಕಿತ್ಸೆಗೆ ಬಂದವರನ್ನು ಪಥ್ಯ, ವ್ಯಾಯಾಮ, ನಡವಳಿಕೆಯ ತಿದ್ದುಪಡಿಗಳ ಕಾರ್ಯಕ್ರಮಕ್ಕೆ ಮೊದಲು ಪರಿಗಣಿಸಬೇಕು ಎಂದೂ ಅದರಲ್ಲಿತ್ತು. ವೈದ್ಯರ ವಿವೇಚನೆಗೆ ಬಿಟ್ಟ ಸಾಧಾರಣ ಸಲಹೆ ಅದು. ಮುಂದೆ ದೊಡ್ಡ ಕೊಯ್ತದ ಬದಲು ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಬಂದು, ಆಪರೇಷನ್‌ಗಳ ಸಂಖ್ಯೆ ಏರಿ, ಕಂಪನಿಗಳ ಖರ್ಚೂ ಏರಿತು. ವಿವೇಚನೆಯ ಮಾತು ತಿಂಗಳುಗಳ ಲೆಕ್ಕವಾಗಿ, ಸಹಿ ಮೊಹರಿನ ದಾಖಲೆಯಾಗಿ ಗಟ್ಟಿಯಾಯಿತು. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಒಬ್ಬರಿಗೆ ಮೂರು ತಿಂಗಳು, ಒಬ್ಬರಿಗೆ ಆರು, ಕೆಲವರಿಗೆ ಏನೂ ಇಲ್ಲ. ದೇಹದ ಕಾಯಿಲೆ ಒಂದೇ, ಔಷಧದ ಅವಧಿ ಮಾತ್ರ ವಿಮಾ ಕಾರ್ಡಿನ ಬಣ್ಣ ನೋಡಿ ಬದಲಾಗುತ್ತದೆ ಎಂದರೆ ಅದನ್ನು ವೈದ್ಯಕೀಯ ನಿಯಮ ಎಂದು ಕರೆಯುವುದು ಕಷ್ಟ.

ಅದರೊಳಗಿನ ವಿಚಿತ್ರಗಳೂ ಇವೆ. ಸಕ್ಕರೆ ಕಾಯಿಲೆಯಿರುವ, 97 ಕಿಲೋ ತೂಕದ ಅದೇ 165 ಸೆಂಟಿಮೀಟರ್ ಹೆಂಗಸು ತರಗತಿಗೆ ಹೋಗಿ ಶ್ರದ್ಧೆಯಿಂದ ಮೂರು ಕಿಲೋ ಇಳಿಸಿದರೆ ಬಿಎಂಐ 35ರ ಕೆಳಗೆ ಜಾರುತ್ತದೆ. ಕೆಲವು ಪಾಲಿಸಿಗಳಲ್ಲಿ ಆಗ ಆಪರೇಷನ್ನಿನ ಅರ್ಹತೆಯೇ ಹೋಗಬಹುದು. ಮೂರು ಕಿಲೋ ಏರಿಸಿಕೊಂಡರೆ ‘ಶಿಸ್ತಿಲ್ಲ’ ಎಂಬ ಷರಾ ಬೀಳಬಹುದು. ಇಳಿಯಲೂಬಾರದು, ಏರಲೂಬಾರದು. ಇಂಥ ಆರು ತಿಂಗಳನ್ನು ಚಿಕಿತ್ಸೆ ಎನ್ನಬೇಕೋ ಪರೀಕ್ಷೆ ಎನ್ನಬೇಕೋ?

ಈ ಬಗ್ಗೆ ಸರ್ಜನ್ನರ ಸಂಘವೇ ಕೋಪಗೊಂಡಿತ್ತು. ಅಮೆರಿಕದ ಮೆಟಬಾಲಿಕ್ ಮತ್ತು ಬೇರಿಯಾಟ್ರಿಕ್ ಸರ್ಜರಿ ಸೊಸೈಟಿ 2016ರ ತನ್ನ ನಿಲುವಿನಲ್ಲಿ, ಆಪರೇಷನ್ನಿಗೆ ಮುಂಚೆ ಇಂತಿಷ್ಟು ತಿಂಗಳು ತೂಕ ಇಳಿಸುವ ಕಾರ್ಯಕ್ರಮ ಮಾಡಲೇಬೇಕೆಂದು ವಿಮಾ ಕಂಪನಿಗಳು ಹೇರುವುದು ತಾರತಮ್ಯ, ಮನಬಂದಂತೆ ಮಾಡಿದ ನಿಯಮ, ಅದಕ್ಕೆ ವೈಜ್ಞಾನಿಕ ಬುಡವಿಲ್ಲ ಎಂದು ಖಾರವಾಗಿಯೇ ಹೇಳಿತು. ಸರ್ಜನ್ನರಿಗೆ ಆಪರೇಷನ್ ಆದಷ್ಟೂ ಒಳ್ಳೆಯದಲ್ಲವೇ, ಅವರು ಇನ್ನೇನು ಹೇಳಿಯಾರು ಎಂಬ ಅನುಮಾನ ಸಹಜ. ನನಗೂ ಬಂದದ್ದೇ. ಆದ್ದರಿಂದ ಅವರ ಮಾತು ಬದಿಗಿಟ್ಟು, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ಪ್ರಯೋಗಗಳು ಏನು ಹೇಳುತ್ತವೆ ನೋಡೋಣ.

ಪಿಟ್ಸ್‌ಬರ್ಗ್‌ನ ಸಂಶೋಧಕರು ಒಂದು ಗುಂಪಿಗೆ ಆಪರೇಷನ್ನಿಗೆ ಮುಂಚೆ ಆರು ತಿಂಗಳ ಜೀವನಶೈಲಿ ತರಬೇತಿ ಕೊಟ್ಟರು, ಇನ್ನೊಂದಕ್ಕೆ ಮಾಮೂಲು ಆರೈಕೆ. ತರಬೇತಿಯವರು ಆಪರೇಷನ್ನಿಗೆ ಮುಂಚೆ ಹೆಚ್ಚು ಇಳಿಸಿದರು, ನಿಜ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಮಾಮೂಲು ಆರೈಕೆಯವರೇ ತುಸು ಮುಂದಿದ್ದರು. ನಾರ್ವೆಯಲ್ಲಿ ಹತ್ತು ವಾರಗಳ ಮನೋಚಿಕಿತ್ಸೆಯ ಮಾದರಿಯ ಪಾಠ ಕೊಟ್ಟು ನೋಡಿದರು. ತಿನ್ನುವ ಹಂಬಲ, ಬೇಸರಕ್ಕೆ ತಿನ್ನುವುದು ಇವೆಲ್ಲ ಪಾಠ ಕೇಳಿದವರಲ್ಲಿ ಆಪರೇಷನ್ನಿಗೆ ಮುಂಚೆಯೇ ಕಡಿಮೆಯಾದವು. ಆದರೆ ಒಂದು ವರ್ಷದ ನಂತರ ಎರಡೂ ಗುಂಪು ಒಂದೇ ಮಟ್ಟಕ್ಕೆ ಬಂದು ನಿಂತವು. ಪಾಠ ಮಾಡಬೇಕೆಂದಿದ್ದ ಕೆಲಸವನ್ನು ಶಸ್ತ್ರಚಿಕಿತ್ಸೆಯೇ ಮಾಡಿಬಿಟ್ಟಿತ್ತು. ಅದಕ್ಕೆ ಕಾರಣವೂ ಗೊತ್ತಿರುವುದೇ. ಸ್ಲೀವ್ ಎಂಬ, ಈಗ ಅತಿ ಹೆಚ್ಚು ನಡೆಯುವ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಆ ತೆಗೆದುಹಾಕಿದ ಭಾಗದಲ್ಲೇ. ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ಅದನ್ನು ಈ ರಾಸಾಯನಿಕ ಬದಲಾವಣೆಯ ಪಕ್ಕ ಇಟ್ಟು ತೂಗುವುದು ಕಷ್ಟ.

ಕಾಯುವುದು ಹಾನಿಯಿಲ್ಲದ ಕೆಲಸವೂ ಅಲ್ಲ. ಕಡ್ಡಾಯ ಸಮಾಲೋಚನೆ ಹಾಕಿದಲ್ಲಿ ಅರ್ಧಕ್ಕೇ ಕೈಬಿಡುವವರು ಹೆಚ್ಚು ಎಂದು 2006ರಲ್ಲೇ ಅಮೆರಿಕದ ಒಂದು ಅಧ್ಯಯನ ತೋರಿಸಿತ್ತು. ಶಿಸ್ತಿಲ್ಲದವರು ತಾವಾಗಿ ಜರಡಿಯಿಂದ ಕೆಳಗೆ ಬಿದ್ದರು, ಒಳ್ಳೆಯದೇ ಆಯಿತು ಎನ್ನುವವರು ಇರಬಹುದು. ರಜೆ ಸಿಗದವರು, ಕಾರಿಲ್ಲದವರು, ಮಗು ನೋಡಿಕೊಳ್ಳಲು ಯಾರೂ ಇಲ್ಲದವರು ಬಿದ್ದರು ಎಂದು ಓದುವುದೇ ಹೆಚ್ಚು ಸರಿ ಎಂದು ನನ್ನ ಅಭಿಪ್ರಾಯ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದು ಆಪರೇಷನ್ ಮಾಡಿಸಿಕೊಂಡ ಎರಡು ಸಾವಿರ ಜನರನ್ನು ಮಾಡಿಸಿಕೊಳ್ಳದ ಅಷ್ಟೇ ಜನರ ಜೊತೆ ಹೋಲಿಸಿ, ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ವರದಿ ಮಾಡಿತು. ಚಿಕಿತ್ಸೆಯಿಂದ ಆಯುಷ್ಯ ಹೆಚ್ಚುವುದಾದರೆ, ಅರ್ಧ ದಾರಿಯಲ್ಲಿ ಬಿಟ್ಟುಹೋದವರು ಕಳೆದುಕೊಂಡದ್ದು ಏನು ಎಂಬುದನ್ನೂ ಎಣಿಸಬೇಕು.

ಹೀಗೆ ಆರು ತಿಂಗಳ ನಿಯಮವನ್ನು ಒಪ್ಪದವರೂ ಬಿಟ್ಟುಕೊಡದ ಒಂದು ತಯಾರಿ ಇದೆ. ಆಪರೇಷನ್ನಿಗೆ ಮುಂಚಿನ ಸುಮಾರು ಎರಡು ವಾರಗಳ ಕಟ್ಟುನಿಟ್ಟಿನ ಪಥ್ಯ. ದಿನಕ್ಕೆ ಎಂಟುನೂರರಿಂದ ಸಾವಿರ ಕ್ಯಾಲರಿ, ಪಿಷ್ಟ ಬಹಳ ಕಡಿಮೆ, ಪ್ರೋಟೀನು ಸಾಕಷ್ಟು. ಇದರ ಗುರಿ ಸೊಂಟದ ಕೊಬ್ಬಲ್ಲ, ಲಿವರ್. ಬೊಜ್ಜಿರುವವರ ಲಿವರಿನಲ್ಲಿ ಕೊಬ್ಬು ತುಂಬಿ ಅದು ದಪ್ಪವಾಗಿ, ಒಡೆಯುವಷ್ಟು ಮೆತ್ತಗಾಗಿರುತ್ತದೆ. ಅದರ ಎಡಭಾಗ ಸರಿಯಾಗಿ ಜಠರದ ಮೇಲ್ತುದಿಯ ಮೇಲೆ ಬಂದು ಕೂರುತ್ತದೆ. ಸರ್ಜನ್ನರು ಅದನ್ನು ಎತ್ತಿ ಹಿಡಿದೇ ಒಳಗೆ ಕೆಲಸ ಮಾಡಬೇಕು. ಪಿಷ್ಟ ನಿಲ್ಲಿಸಿದರೆ ಲಿವರಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅದರೊಂದಿಗೆ ಹಿಡಿದಿಟ್ಟ ನೀರು, ಬೆನ್ನಿಗೇ ಕೊಬ್ಬು ಕರಗಿ, ಲಿವರ್ ಕುಗ್ಗಿ ದಾರಿ ಬಿಡುತ್ತದೆ. 2011ರಲ್ಲಿ ಪ್ರಕಟವಾದ ಸುಮಾರು ಮುನ್ನೂರು ರೋಗಿಗಳ ಪ್ರಯೋಗವೊಂದರಲ್ಲಿ, ಎರಡು ವಾರ ಇಂಥ ಪಥ್ಯ ಮಾಡಿದವರ ಆಪರೇಷನ್ ಸುಲಭವಾಯಿತು ಎಂದು ಸರ್ಜನ್ನರು ಹೇಳಿದರು, ಮೊದಲ ತಿಂಗಳಿನ ತೊಡಕುಗಳೂ ಕಡಿಮೆಯಿದ್ದವು. 2020ರಲ್ಲಿ ಅಮೆರಿಕದ ಸುಮಾರು 4.8 ಲಕ್ಷ ರೋಗಿಗಳ ದಾಖಲೆಗಳನ್ನು ನೋಡಿದಾಗ, ಆಪರೇಷನ್ನಿಗೆ ಮುಂಚೆ ಸ್ವಲ್ಪವಾದರೂ ತೂಕ ಇಳಿಸಿದವರಲ್ಲಿ ಮೂವತ್ತು ದಿನದೊಳಗಿನ ಸಾವು ಕಡಿಮೆ ಎಂದು ಕಂಡುಬಂತು. ಒಟ್ಟಾರೆ ಸಾವಿನ ಪ್ರಮಾಣ ಸಾವಿರಕ್ಕೆ ಒಂದರಷ್ಟು. ದಾಖಲೆ ನೋಡುವ ಅಧ್ಯಯನಕ್ಕೆ ಅದರದೇ ಮಿತಿಯಿದೆ. ಇಳಿಸಬಲ್ಲವರು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದು. ಆದರೂ ಪ್ರಯೋಗ ಮತ್ತು ದಾಖಲೆ ಎರಡೂ ಒಂದೇ ದಿಕ್ಕು ತೋರಿಸುವಾಗ, ಎರಡು ವಾರದ ಪಥ್ಯವನ್ನು ಗುಟ್ಟಾಗಿ ಮುರಿಯುವುದು ತನ್ನ ಹೊಟ್ಟೆಗೆ ತಾನೇ ಮಾಡಿಕೊಳ್ಳುವ ಅಪಾಯ. ಲಿವರ್ ಕುಗ್ಗಿಲ್ಲವೆಂದು ಸರ್ಜನ್ನರು ಆಪರೇಷನ್ ಅರ್ಧಕ್ಕೇ ನಿಲ್ಲಿಸಿ ಹೊರಬಂದ ಪ್ರಸಂಗಗಳೂ ಉಂಟು.

ಈ ಪಥ್ಯವನ್ನೂ ಯೂಟ್ಯೂಬ್ ನೋಡಿ ಮಾಡುವಂತಿಲ್ಲ ಎನ್ನಲು ಒಂದು ಕಾರಣ ಕೊಡುತ್ತೇನೆ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ನಮ್ಮಲ್ಲೂ ಮನೆಮನೆಯ ಡಬ್ಬಿಯಲ್ಲಿವೆ. ಅವನ್ನು ನುಂಗುತ್ತಲೇ ಪಿಷ್ಟ ಪೂರ್ತಿ ಬಿಟ್ಟರೆ, ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋಆಸಿಡೋಸಿಸ್ ಎಂಬ ಪ್ರಾಣಾಪಾಯದ ಸ್ಥಿತಿ ಬರಬಹುದು. ಮೀಟರ್ ನೋಡಿ ‘ಶುಗರ್ ಚೆನ್ನಾಗಿದೆ’ ಎಂದು ಸುಮ್ಮನಿದ್ದುಬಿಡುತ್ತಾರೆ. ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮುಂಚೆ ಇವುಗಳನ್ನು ನಿಲ್ಲಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಹೇಳಿತು. ಕಡಿಮೆ ಪಿಷ್ಟದ ಪಥ್ಯ ಶುರುವಾಗುವಾಗಲೇ ಏನು ಮಾಡಬೇಕೆಂದು ವೈದ್ಯರನ್ನು ಕೇಳುವುದು ಇನ್ನೂ ಕ್ಷೇಮ. ಒಳ್ಳೆಯ ತರಗತಿಯಲ್ಲಿ ಮಾತ್ರೆಗಳ ಪಟ್ಟಿ ಹಿಡಿದು ಕೂರುವ ದಿನವೊಂದು ಇರುತ್ತದೆ. ಇನ್ಸುಲಿನ್ ಎಷ್ಟು ಇಳಿಸಬೇಕು, ಬಿಪಿ ಮಾತ್ರೆ ಯಾವಾಗ ಕಡಿಮೆ ಮಾಡಬೇಕು, ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳ ಬದಲು ಏನು ಎಂಬುದೆಲ್ಲ ಅಂದು ತೀರ್ಮಾನವಾಗಬೇಕು. ಆಪರೇಷನ್ ಆದ ದಿನಗಳಲ್ಲೇ ಸಕ್ಕರೆ ದಿಢೀರನೆ ಇಳಿಯುವುದರಿಂದ ಹಳೆಯ ಡೋಸೇ ಮುಂದುವರಿಸಿದವರು ತಲೆ ತಿರುಗಿ ಬೀಳುವುದುಂಟು.

ಇನ್ನು ಊಟ. ತರಗತಿಯ ಬಹುಪಾಲು ಸಮಯ ಹೋಗುವುದು ಇದಕ್ಕೇ, ಹೋಗಬೇಕಾದದ್ದೂ ಇದಕ್ಕೇ. ಸ್ಲೀವ್ ಬಿಟ್ಟರೆ ಇನ್ನೊಂದು ಬಗೆಯಾದ ಹೊಟ್ಟೆಯ ಬೈಪಾಸ್ ಆಪರೇಷನ್ನಿನಲ್ಲಿ ಉಳಿಸುವ ಹೊಟ್ಟೆಯ ಚೀಲ ಸುಮಾರು 30 ಮಿಲಿಲೀಟರು, ಅಂದರೆ ಆರು ಟೀ ಚಮಚ. ಮೊದಲು ತಿಳಿನೀರಿನಂಥ ದ್ರವ, ಆಮೇಲೆ ಹಾಲು ಮಜ್ಜಿಗೆಯಂಥವು, ಆಮೇಲೆ ಅರೆದದ್ದು, ಆಮೇಲೆ ಮೆತ್ತನೆಯದು. ಮಾಮೂಲು ಊಟಕ್ಕೆ ಬರಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಊಟದ ಜೊತೆ ನೀರಿಲ್ಲ, ಮುಂದೆ ಹಿಂದೆ ಅರ್ಧ ಗಂಟೆಯ ಅಂತರ. ದಿನವಿಡೀ ಗುಟುಕು ಗುಟುಕಾಗಿ ಒಂದೂವರೆ ಲೀಟರು ನೀರು. ಇದನ್ನು ಹೇಳುವುದು ಸುಲಭ. ಗಟಗಟನೆ ಚೊಂಬು ಖಾಲಿ ಮಾಡುವ ಅಭ್ಯಾಸದವರು ಮೊದಲ ವಾರದಲ್ಲೇ ಸೋಲುತ್ತಾರೆ. ಆಪರೇಷನ್ ಆದವರು ಮತ್ತೆ ಆಸ್ಪತ್ರೆಗೆ ಓಡಿಬರುವ ಸಾಮಾನ್ಯ ಕಾರಣಗಳಲ್ಲಿ ಮೈಯಲ್ಲಿ ನೀರಿನಂಶ ಬತ್ತುವುದು ಒಂದು.

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡಿಗರಿಗೆ ಈ ಪಾಠದಲ್ಲಿ ಬೇರೆಯದೇ ತೊಡಕು. ಅಲ್ಲಿನ ಕೈಪಿಡಿಯಲ್ಲಿ ಕೋಳಿ ಸಾರು, ಟ್ಯೂನಾ ಮೀನು, ಟರ್ಕಿ ಮಾಂಸ. ಮಂಡ್ಯದ ಅಡುಗೆಮನೆಯಿಂದ ಹೋದವರ ಪ್ರಶ್ನೆ ಮುದ್ದೆಯದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಚಿಕ್ಕಂದಿನಿಂದ ಕಲಿತ ಗಂಟಲು ಅದು. ಹೊಸ ಹೊಟ್ಟೆಗೆ ತುತ್ತನ್ನು ಇಪ್ಪತ್ತು ಮೂವತ್ತು ಸಲ ಅಗಿದು ಕಳಿಸಬೇಕು. ಅಂಟಂಟಾದ, ಉಂಡೆಗಟ್ಟುವ ಆಹಾರ ಮೊದಲ ತಿಂಗಳುಗಳಲ್ಲಿ ಸಿಕ್ಕಿಕೊಂಡು ಎದೆ ಹಿಡಿದಂತೆ ನೋಯಿಸಿ ವಾಂತಿ ಮಾಡಿಸುತ್ತದೆ. ಬ್ರೆಡ್ಡು, ಮೆತ್ತಗಾದ ಅನ್ನದ ವಿಷಯದಲ್ಲಿ ಎಲ್ಲ ಕಡೆ ಕೊಡುವ ಎಚ್ಚರಿಕೆ ಮುದ್ದೆಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಆದರೆ ಕೇಳದಿದ್ದರೆ ಅಲ್ಲಿನ ಡಯಟೀಷಿಯನ್‌ಗೆ ಮುದ್ದೆಯ ಸುದ್ದಿ ಗೊತ್ತಾಗುವುದಾದರೂ ಹೇಗೆ?

ಸಸ್ಯಾಹಾರಿಗಳ ಲೆಕ್ಕ ಇನ್ನೂ ಬಿಗಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ, ನೂರು ಮಿಲಿಲೀಟರು ಹಾಲಿನಲ್ಲಿ ಸುಮಾರು 3. ಬೇಳೆಯಲ್ಲಿ ಪ್ರೋಟೀನು ಬೇಕಾದಷ್ಟಿದೆ, ನೂರು ಗ್ರಾಂ ಒಣ ತೊಗರಿಯಲ್ಲಿ 20ಕ್ಕಿಂತ ಹೆಚ್ಚು. ಆದರೆ ಅದನ್ನು ಬೇಯಿಸಿ, ನೀರು ಹಾಕಿ, ತಿಳಿಸಾರು ಮಾಡಿದ ಮೇಲೆ ಕಾಲು ಲೋಟದಲ್ಲಿ ಉಳಿಯುವುದು ಎಷ್ಟು? ಕಾಲು ಲೋಟಕ್ಕಿಂತ ಹೆಚ್ಚು ಹಿಡಿಯದ ಹೊಟ್ಟೆಯಲ್ಲಿ ಅರವತ್ತು ಗ್ರಾಂ ತುಂಬಲು ಪನೀರು, ಗಟ್ಟಿ ಮೊಸರು, ಸೋಯಾ, ಹಾಲಿನ ಪ್ರೋಟೀನ್ ಪುಡಿ ಇವುಗಳನ್ನು ಮುಂಚೆಯೇ ರುಚಿ ನೋಡಿ ಆರಿಸಿಟ್ಟುಕೊಳ್ಳಬೇಕು. ಆಪರೇಷನ್ ಆದ ಮೇಲೆ ನಾಲಿಗೆಯ ರುಚಿಯೇ ಕೆಲವರಿಗೆ ಬದಲಾಗುತ್ತದೆ, ಆಗ ಹೊಸ ಪುಡಿಯ ಪ್ರಯೋಗಕ್ಕೆ ಕೂರಲು ಆಗುವುದಿಲ್ಲ. ಪ್ರೋಟೀನು ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಮೂರನೆಯ ನಾಲ್ಕನೆಯ ತಿಂಗಳಿಗೆ ಕೂದಲು ಬಾಚಣಿಗೆಗೆ ಬರಲು ಶುರುವಾಗುತ್ತದೆ.

ಸಿಹಿಯ ವಿಷಯ ಬೇರೆ. ಬೈಪಾಸ್ ಆದವರು ಒಬ್ಬಟ್ಟೋ ಪಾಯಸವೋ ಬಾಯಿಗಿಟ್ಟರೆ ಸಕ್ಕರೆ ನೇರವಾಗಿ ಸಣ್ಣ ಕರುಳಿಗೆ ಸುರಿದು, ಬೆವರು, ಎದೆಬಡಿತ, ಹೊಟ್ಟೆ ಹಿಂಡುವ ನೋವು, ಭೇದಿ ಒಟ್ಟಿಗೆ ಬರಬಹುದು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ನಮ್ಮ ಮದುವೆ ಮನೆಯ ಪಂಕ್ತಿಯಲ್ಲಿ ‘ಇನ್ನೊಂದು ಹಾಕಿಸ್ಕೊಳ್ಳಿ, ನಮ್ಮ ಮನೆ ಹೋಳಿಗೆ ತಿಂದ್ರೆ ಏನೂ ಆಗಲ್ಲ’ ಎನ್ನುವವರಿಗೆ ಉತ್ತರ ಕೊಡುವುದನ್ನೂ ಕಲಿತುಕೊಳ್ಳಬೇಕಾಗುತ್ತದೆ. ಹೀಗಾಗಿ ಪಾಠ ರೋಗಿಗಷ್ಟೇ ಅಲ್ಲ, ಮನೆಯಲ್ಲಿ ಅಡುಗೆ ಮಾಡುವವರಿಗೂ ಬೇಕು. ಗಂಡನಿಗೆ ಆಪರೇಷನ್, ಅಡುಗೆ ಅತ್ತೆಯದೋ ಹೆಂಡತಿಯದೋ ಆಗಿದ್ದು, ಅವರಲ್ಲಿ ಒಬ್ಬರೂ ತರಗತಿಯ ಮುಖ ನೋಡದಿದ್ದರೆ, ಗಂಡ ಕೇಳಿಬಂದ ಪಾಠದಲ್ಲಿ ಅರ್ಧ ವ್ಯರ್ಥ.

ತಪ್ಪಿಸಿಕೊಂಡರೆ ಪ್ರಾಣಕ್ಕೇ ಬರಬಹುದಾದ ಪಾಠಗಳು ಕೆಲವೇ. ಆಪರೇಷನ್ ಆದ ಮೇಲೆ ನಾಡಿ 120 ಮೀರಿ ಓಡುತ್ತಲೇ ಇದ್ದರೆ, ಜ್ವರ ಬಂದರೆ, ಹೊಟ್ಟೆ ಅಥವಾ ಭುಜ ತಡೆಯಲಾರದಷ್ಟು ನೋಯುತ್ತಿದ್ದರೆ, ಹೊಲಿಗೆ ಸೋರುತ್ತಿರಬಹುದು. ಬೆಳಗಾಗಲಿ ಎಂದು ಕಾಯಬಾರದು. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸ ಬೈಪಾಸ್ ಆದವರಿಗೆ ಸಲ್ಲದು, ಹೊಲಿದ ಜಾಗದಲ್ಲೇ ಹುಣ್ಣಾಗಬಹುದು. ಸಿಗರೇಟೂ ಅದೇ ಹುಣ್ಣಿಗೆ ದಾರಿ. ವಾರಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಬರಿದಾಗಿ ನೆನಪು, ನಡಿಗೆ, ಕಣ್ಣಿನ ಚಲನೆ ಕೆಡಬಹುದು. ಇಲ್ಲಿ ನಮ್ಮ ಊರುಗಳ ಒಂದು ಪದ್ಧತಿ ನೆನಪಾಗುತ್ತದೆ: ವಾಂತಿಯಾದವರಿಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಏರಿಸಿ ಕಳಿಸುವುದು. ಬಿ1 ಬರಿದಾದ ದೇಹಕ್ಕೆ ಆ ವಿಟಮಿನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿನ ಹಾನಿ ಹೆಚ್ಚಬಹುದು. ‘ನನಗೆ ಹೊಟ್ಟೆಯ ಆಪರೇಷನ್ ಆಗಿದೆ, ಮೊದಲು ಬಿ1 ಕೊಡಿ’ ಎನ್ನುವಷ್ಟು ರೋಗಿಗೋ ಜೊತೆಯವರಿಗೋ ಗೊತ್ತಿರಬೇಕು. ಮಕ್ಕಳಾಗದೆ ಇದ್ದವರಿಗೆ ತೂಕ ಇಳಿದ ಕೂಡಲೇ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಮೊದಲ ಹನ್ನೆರಡರಿಂದ ಹದಿನೆಂಟು ತಿಂಗಳು ಬಸಿರು ಬೇಡ ಎಂಬುದು ಸಲಹೆ. ಬೈಪಾಸ್ ಆದವರು ಗರ್ಭನಿರೋಧಕ ಗುಳಿಗೆಯೊಂದನ್ನೇ ನಂಬಬಾರದು. ಇದನ್ನು ಮೊದಲೇ ತಿಳಿಸದಿದ್ದರೆ ಆಮೇಲೆ ತಿಳಿಸಿ ಪ್ರಯೋಜನವಿಲ್ಲ.

ಮನಸ್ಸಿನ ಪಾಠಕ್ಕೆ ಗಟ್ಟಿ ಕಾರಣಗಳಿವೆ. 2007ರಲ್ಲಿ ಬಂದ ಯೂಟಾದ ಅಧ್ಯಯನದಲ್ಲಿ ಬೈಪಾಸ್ ಆದವರ ಒಟ್ಟು ಸಾವು ಶೇ 40ರಷ್ಟು ಕಡಿಮೆಯಿತ್ತು. ಆದರೆ ಕಾಯಿಲೆಯಿಂದಲ್ಲದ ಸಾವುಗಳು, ಅಂದರೆ ಅಪಘಾತ, ಆತ್ಮಹತ್ಯೆ ಮುಂತಾದವು, ಶೇ 58ರಷ್ಟು ಹೆಚ್ಚಿದ್ದವು. 2012ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಮದ್ಯದ ಚಟದ ತೊಂದರೆ ಆಪರೇಷನ್ನಿಗೆ ಮುಂಚೆ ಶೇ 7.6 ಇದ್ದದ್ದು ಎರಡನೆಯ ವರ್ಷದಲ್ಲಿ ಶೇ 9.6 ಆಗಿತ್ತು. ಬೈಪಾಸ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಸೇರಿ ಬೇಗ ಏರುತ್ತದೆ. ಹಾಗೆಂದು ಮನಶ್ಶಾಸ್ತ್ರಜ್ಞರ ಒಂದು ಭೇಟಿಯ ಚೀಟಿ ಇದನ್ನೆಲ್ಲ ತಡೆಯುತ್ತದೆ ಎಂದು ನಾನು ನಂಬುವುದಿಲ್ಲ. ಆಪರೇಷನ್ ಬೇಕೇಬೇಕು ಎಂದು ಕೂತವನು ಆ ಕೋಣೆಯಲ್ಲಿ ನಿಜ ಹೇಳುವ ಸಂಭವ ಕಡಿಮೆ. ಗೇಟು ಕಾಯುವವನ ಮುಂದೆ ಯಾರೂ ತಮ್ಮ ದೌರ್ಬಲ್ಯ ಬಿಚ್ಚಿಡುವುದಿಲ್ಲ. ಪಾಠವನ್ನೂ ಪರೀಕ್ಷೆಯನ್ನೂ ಬೆರೆಸಿದರೆ ಆಗುವ ದೊಡ್ಡ ನಷ್ಟ ಇದೇ.

ಕಾಯಿಸುವುದು ಅಮೆರಿಕದಲ್ಲಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ವಿಮಾ ಕಂಪನಿಯ ಜಾಗದಲ್ಲಿ ಸರ್ಕಾರಿ ಆರೋಗ್ಯ ಸೇವೆ ಇದೆ. ಅಲ್ಲಿ ತೂಕದ ಚಿಕಿತ್ಸೆಗೆ ನಾಲ್ಕು ಮೆಟ್ಟಿಲು. ನಾಲ್ಕನೆಯದಾದ ಆಪರೇಷನ್ನಿಗೆ ಏರಲು ಮೂರನೆಯದಾದ ತಜ್ಞರ ತೂಕ ನಿರ್ವಹಣಾ ಸೇವೆಯನ್ನು ದಾಟಬೇಕು. ಕೆಲವು ಊರುಗಳಲ್ಲಿ ಮೂರನೆಯ ಮೆಟ್ಟಿಲಿಗೇ ಉದ್ದದ ಸರತಿ. ಬೇಸತ್ತವರು ಇಸ್ತಾಂಬುಲ್‌ಗೆ ವಿಮಾನ ಹತ್ತುತ್ತಾರೆ, ಅಮೆರಿಕದವರು ಮೆಕ್ಸಿಕೊದ ಟಿಹುವಾನಾಕ್ಕೆ ಗಡಿ ದಾಟುತ್ತಾರೆ. ಅಲ್ಲಿ ತರಗತಿ ಇಲ್ಲ, ಕಾಯುವುದಿಲ್ಲ, ದುಡ್ಡೂ ಕಡಿಮೆ. 2019ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಟಿಹುವಾನಾದಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬಂದವರಲ್ಲಿ ಔಷಧಕ್ಕೆ ಬಗ್ಗದ ಸೂಡೊಮೊನಾಸ್ ಸೋಂಕು ಕಂಡುಬಂದಿದೆ ಎಂದು ಎಚ್ಚರಿಸಬೇಕಾಯಿತು. ಸೋಂಕಿಗೂ ತರಗತಿಗೂ ನೇರ ಸಂಬಂಧವಿಲ್ಲ. ಜನ ಅಲ್ಲಿಗೆ ಯಾಕೆ ಓಡಿದರು ಎಂಬುದಕ್ಕೆ ಮಾತ್ರ ಸಂಬಂಧವಿದೆ.

ನಮ್ಮಲ್ಲಿ ಕಥೆ ತಲೆಕೆಳಗು. ಇಷ್ಟು ತಿಂಗಳು ಪಾಠ ಕೇಳಲೇಬೇಕೆಂಬ ಕಡ್ಡಾಯ ಭಾರತದಲ್ಲಿ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹಾಕಿದ ಚೌಕಟ್ಟಿನ ಪ್ರಕಾರ ಹದಿನೆಂಟು ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಇರಬೇಕು, ಅಥವಾ 35 ಇದ್ದು ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದು, ಸೌಮ್ಯ ಕ್ರಮಗಳು ಸೋತಿರಬೇಕು. ವಿಪರ್ಯಾಸವೆಂದರೆ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ಪರಿಗಣಿಸಬಹುದೆಂದು ಹೇಳಿದೆ, ಏಕೆಂದರೆ ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಕಾಯಿಲೆ ಹತ್ತುತ್ತದೆ. ಹಾಗಾಗಿ ವಿಮೆಯ ಗೆರೆಯ ಕೆಳಗಿನವರು ಸ್ವಂತ ದುಡ್ಡಿನ ಗಿರಾಕಿಗಳು. ಕೈಯಲ್ಲಿ ಕೆಲವು ಲಕ್ಷ ಇದ್ದರೆ ಈ ವಾರ ಭೇಟಿ, ಮುಂದಿನ ವಾರ ಆಪರೇಷನ್ ಆದರೂ ತಡೆಯುವ ನಿಯಮವಿಲ್ಲ. ಶ್ರದ್ಧೆಯಿಂದ ಪಾಠ ಮಾಡುವ ಒಳ್ಳೆಯ ತಂಡಗಳು ಬೆಂಗಳೂರಿನಲ್ಲೂ ಇವೆ. ಆದರೆ ಪಾಠ ಇರುವುದೂ ಬಿಡುವುದೂ ಆ ತಂಡದ ಒಳ್ಳೆಯತನಕ್ಕೆ ಬಿಟ್ಟದ್ದು.

ಇಷ್ಟೇ ಅಲ್ಲ, ಯಾವ ಆಪರೇಷನ್ ಯಾವುದು ಎಂಬ ಗೊಂದಲವೇ ನಮ್ಮಲ್ಲಿ ಬಗೆಹರಿದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಯುವ ಕಿರುತೆರೆ ನಟಿಯೊಬ್ಬರು ತೀರಿಕೊಂಡಾಗ, ಜನ ಅದನ್ನು ‘ತೂಕ ಇಳಿಸುವ ಆಪರೇಷನ್’ ಎಂದೇ ಮಾತಾಡಿಕೊಂಡರು. ಚರ್ಮದಡಿಯ ಕೊಬ್ಬನ್ನು ತೆಗೆಯುವುದು ಸೌಂದರ್ಯ ಚಿಕಿತ್ಸೆ, ಸಕ್ಕರೆ ಕಾಯಿಲೆಗೆ ಅದು ಮದ್ದಲ್ಲ. ಹೊಟ್ಟೆ ಕರುಳಿನ ಆಪರೇಷನ್ ಬೇರೆ. ಮೊದಲ ತರಗತಿಯ ಮೊದಲ ಹತ್ತು ನಿಮಿಷ ಇದಕ್ಕೇ ಹೋದರೂ ನಮ್ಮಲ್ಲಿ ಅದು ದಂಡವಲ್ಲ.

ತೂಕ ಇಳಿಸುವ ಔಷಧಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೊವಿ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ವಾರಕ್ಕೊಂದು ಚುಚ್ಚುಮದ್ದು. ‘ಸೌಮ್ಯ ಕ್ರಮಗಳು ಸೋತಿರಬೇಕು’ ಎಂಬ ಷರತ್ತಿನ ಅರ್ಥ ಇದರಿಂದ ಬದಲಾಗಬಹುದು. ಮುಂದೆ ಆರು ತಿಂಗಳ ಪಾಠದ ಬದಲು ಆರು ತಿಂಗಳ ಚುಚ್ಚುಮದ್ದಿನ ಬಿಲ್ಲು ತೋರಿಸಿ ಎನ್ನುವ ದಿನ ಬಂದರೆ ನನಗೆ ಆಶ್ಚರ್ಯವಾಗದು.

ಅಮೆರಿಕದಲ್ಲಿದ್ದು ಈ ಪ್ರಶ್ನೆ ಎದುರಿಸುತ್ತಿರುವ ಕನ್ನಡಿಗರಿಗೆ ನಾನು ಹೇಳುವುದಿಷ್ಟು. ತರಗತಿ ಕೇಳುತ್ತಿರುವುದು ವಿಮಾ ಕಂಪನಿಯೋ ಆಸ್ಪತ್ರೆಯೋ ಎಂದು ಮೊದಲು ಬರಹದಲ್ಲಿ ತಿಳಿದುಕೊಳ್ಳಿ. ಕಂಪನಿಯದಾದರೆ, ಹಿಂದೆ ಡಾಕ್ಟರ ಬಳಿ, ಡಯಟೀಷಿಯನ್ ಬಳಿ ಹೋದ ದಾಖಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ ಕೇಳಿ, ಆನ್‌ಲೈನ್ ತರಗತಿ ನಡೆಯುತ್ತದೆಯೇ ಕೇಳಿ, ನಿರಾಕರಿಸಿದರೆ ಮೇಲ್ಮನವಿ ಹಾಕಿ. ಸರ್ಜನ್ನರೇ ಬೆಂಬಲದ ಪತ್ರ ಬರೆದುಕೊಡಬಹುದು. ಆಸ್ಪತ್ರೆಯದಾದರೆ ಜಗಳ ಬೇಡ. ಅದರಲ್ಲೂ ಆಹಾರದ ಹಂತಗಳು, ಮಾತ್ರೆಗಳು, ಅಪಾಯದ ಲಕ್ಷಣಗಳು ಇರುವ ದಿನಗಳಿಗೆ ಕ್ಯಾಮೆರಾ ಆಫ್ ಮಾಡಿಟ್ಟು ಪಾತ್ರೆ ತೊಳೆಯಬೇಡಿ.

ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ವಿಚಿತ್ರವಾಗಿ ಕಾಣುವುದು ಕಾಲದ ಹಂಚಿಕೆ. ಪಾಠದ ಭಾರವೆಲ್ಲ ಆಪರೇಷನ್ನಿಗೆ ಮುಂಚೆ. ಆಮೇಲೆ ಬಂದರೂ ಸರಿ, ಬಾರದಿದ್ದರೂ ಸರಿ. ತೂಕ ಅತಿ ಕೆಳಗೆ ಇಳಿಯುವುದು ಹನ್ನೆರಡರಿಂದ ಹದಿನೆಂಟು ತಿಂಗಳಿಗೆ. ಮತ್ತೆ ನಿಧಾನಕ್ಕೆ ಏರಲು ಶುರುವಾಗುವುದು ಆ ಬಳಿಕ. ಬಿ12ರ ದಾಸ್ತಾನು ದೇಹದಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅದರ ಕೊರತೆ ಕಾಣಿಸಿಕೊಳ್ಳುವುದೂ ತಡವಾಗಿ, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್‌ಗಳೊಂದಿಗೆ ಅದನ್ನೂ ವರ್ಷಕ್ಕೊಮ್ಮೆ ರಕ್ತ ಕೊಟ್ಟು ನೋಡಿಸಬೇಕು. ಮದ್ಯದ ತೊಂದರೆ ತಲೆ ಎತ್ತುವುದೂ ಎರಡನೆಯ ವರ್ಷದಲ್ಲಿ. ರೋಗಿಗಳು ತಪಾಸಣೆಗೆ ಬರುವುದನ್ನು ನಿಲ್ಲಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಆರು ತಿಂಗಳ ಹಾಜರಿ ಬೇಕೇಬೇಕು ಎನ್ನುವ ಕಂಪನಿ, ಮುಂಚೆ ಎರಡು ಮೂರು ಪಾಠ ಸಾಕು ಎಂದು, ಉಳಿದದ್ದನ್ನು ಆ ಎರಡನೆಯ ವರ್ಷಕ್ಕೆ ಸರಿಸಿ, ಬರುವವರ ಶುಲ್ಕವನ್ನೂ ತಾನೇ ಕೊಟ್ಟರೆ, ಹಾಜರಿ ಪುಸ್ತಕದ ಮೇಲೆ ನನ್ನ ತಕರಾರೇನೂ ಇಲ್ಲ.